ಹಳೆಯ ಸೆಮಿ-ಆಟೊಮ್ಯಾಟಿಕ್ ಶಾಟ್‌ಗನ್ ಕೊಳ್ಳುವವರ ಗಮನಕ್ಕೆ

ಸದಸ್ಯರೇ, ಕೈಗೆತ್ತಿಕೊಂಡ ಕೂಡಲೇ ಚೇಂಬರ್ (ಬ್ಯಾರೆಲ್ ಬುಡದಲ್ಲಿ ತೋಟಾ ಕೂರುವ ಜಾಗ), ಮ್ಯಾಗಜಿನ್ (ತೋಟಾ ತುಂಬಿಡುವ ಕೊಳವೆ) ಎರಡೂ ಖಾಲಿ ಇವೆಯೇ ನೋಡಿ. ಮೇಲ್ಮೈ ತುಕ್ಕಿಗೆ ಹೆದರಬೇಡಿ. ಅತಿ ನಯವಾದ 0000 ಸ್ಟೀಲ್ ವೂಲ್, ಎಣ್ಣೆ ಹಾಕಿ ಉಜ್ಜಿದರೆ ಸಾಕು. ಬ್ಯಾರೆಲ್ ಉಬ್ಬಿದ್ದರೆ ಮಾತ್ರ ಎಷ್ಟು ಅಗ್ಗವಾದರೂ ಬೇಡ.

ರೆಮಿಂಗ್ಟನ್ 1100ರಂಥ ಗ್ಯಾಸ್ ಚಾಲಿತ (ಸಿಡಿದ ಮದ್ದಿನ ಗ್ಯಾಸ್‌ನ ಒತ್ತಡದಿಂದ ಕೆಲಸ ಮಾಡುವ) ಬಂದೂಕು ಹಾರಿದ ತೋಟಾದ ಖಾಲಿ ಕೇಸ್ ಹೊರಹಾಕದಿದ್ದರೆ ಮೊದಲು ಮ್ಯಾಗಜಿನ್ ಕೊಳವೆಯ ಮೇಲಿನ ರಬ್ಬರ್ ಓ-ರಿಂಗ್ ನೋಡಿ. ಅದು ಸೀಳಿದ್ದರೆ ಗ್ಯಾಸ್ ಸೋರಿ ಬೋಲ್ಟ್ (ಚೇಂಬರ್ ಮುಚ್ಚಿ ತೆರೆಯುವ ಭಾಗ) ಪೂರ್ತಿ ಹಿಂದೆ ಸರಿಯುವುದಿಲ್ಲ. ಪುಡಿಗಾಸಿನ ಭಾಗ, ಎರಡು ಕೊಳ್ಳಿ. ಬ್ಯಾರೆಲ್‌ನ ಗ್ಯಾಸ್ ರಂಧ್ರಗಳ ಮಸಿ ತೆಗೆಯಿರಿ. ಡ್ರಿಲ್ ಹಾಕಿ ಹಿಗ್ಗಿಸಬೇಡಿ.

ಆಮೇಲೂ ಬೋಲ್ಟ್ ನಿಧಾನವೇ? ಹಿಂಭಾಗದ ಮರದ ಹಿಡಿಯೊಳಗೆ ಬೋಲ್ಟನ್ನು ಮುಂದೆ ತಳ್ಳುವ ಆಕ್ಷನ್ ಸ್ಪ್ರಿಂಗ್‌ನ ಕೊಳವೆ ಇದೆ. ಅದನ್ನು ಬಿಚ್ಚುವವರೇ ಕಡಿಮೆ, ಹಾಗಾಗಿ ತುಕ್ಕು ಅಲ್ಲೇ ಕೂತಿರುತ್ತದೆ. ಸ್ಪ್ರಿಂಗ್ ಚಿಮ್ಮುತ್ತದೆ, ಕನ್ನಡಕ ಹಾಕಿಕೊಳ್ಳಿ.

ಬ್ಯಾರೆಲ್ ಮೇಲೆ ತೋಟಾದ ಉದ್ದ 2¾ ಇಂಚು ಎಂದಿದ್ದರೆ 3 ಇಂಚಿನ ತೋಟಾ ತುಂಬಬೇಡಿ.