ಸಭೆ ಯಾವತ್ತು ಅಂತ ಮೊದಲೇ ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಚಿಕ್ಕಮಗಳೂರಿನಲ್ಲಿ ಒಂದು ಸಣ್ಣ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಹದಿನಾಲ್ಕು ವರ್ಷ ಆಯಿತು. ಊರಿನಲ್ಲಿ ಯಾವ ಕಾರ್ಯಕ್ರಮ ಇದೆ, ಎಲ್ಲಿ ಶಿಬಿರ, ಯಾರು ಸಭೆ ಕರೆದಿದ್ದಾರೆ ಅನ್ನುವುದು ಹೆಚ್ಚುಕಮ್ಮಿ ನನ್ನ ಟೇಬಲ್ ಮೇಲೇ ಹಾದುಹೋಗುತ್ತದೆ. ಕರಪತ್ರ, ಆಹ್ವಾನ ಪತ್ರಿಕೆ, ಬ್ಯಾನರಿನ ಒಕ್ಕಣೆ, ಎಲ್ಲವನ್ನೂ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಡುವುದೇ ನನ್ನ ಕೆಲಸ. ಅಂಥ ನನಗೇ ನಮ್ಮ ಬೀದಿಯ ವಿಚಾರಕ್ಕೆ ಒಂದು ಸಭೆ ಆಗಿದೆ ಅಂತ ತಿಳಿದಿದ್ದು ಸಭೆ ಮುಗಿದ ಮಾರನೇ ದಿನ, ನಿಮ್ಮ ಪತ್ರಿಕೆಯ ಒಳಪುಟದಲ್ಲಿ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಏರಿಯಾದ ಬಸ್ ಸ್ಟಾಪನ್ನು ಇದ್ದ ಜಾಗದಿಂದ ಮುಂದಕ್ಕೆ ಹಾಕುವ ವಿಚಾರ ಅದು. ಸುದ್ದಿ ನಾಲ್ಕು ಸಾಲು ಇತ್ತು, ಪಕ್ಕದಲ್ಲಿ ಒಂದು ಫೋಟೋ. ಕೊನೆಯ ಸಾಲಿನಲ್ಲಿ 'ಸಾರ್ವಜನಿಕರ ಅಭಿಪ್ರಾಯ ಪಡೆಯಲಾಯಿತು' ಅಂತ ಇತ್ತು. ನಮ್ಮ ಬೀದಿಯಲ್ಲಿ ಕೇಳಿ ನೋಡಿದೆ. ಹಾಲಿನವರು, ಎದುರು ಮನೆಯ ಟೀಚರ್, ಮೆಡಿಕಲ್ ಸ್ಟೋರಿನ ಅಣ್ಣ, ದಿನಾ ಅದೇ ಸ್ಟಾಪಿನಲ್ಲಿ ಬಸ್ ಹತ್ತುವ ಹುಡುಗಿಯರು, ಯಾರಿಗೂ ಗೊತ್ತಿರಲಿಲ್ಲ. ಹಾಗಾದರೆ ಅಲ್ಲಿಗೆ ಹೋದವರು ಯಾರು? ಹೋದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಹೇಗೋ ಗೊತ್ತಾಯಿತು, ಹೋದರು. ನಮಗೆ ಯಾಕೆ ಗೊತ್ತಾಗಲಿಲ್ಲ ಅನ್ನುವುದೇ ನನ್ನ ಪ್ರಶ್ನೆ.

ನೋಟಿಸ್ ಹಾಕಿದ್ದರಾ ಅಂತ ನೋಡಲು ಸಭೆ ಕರೆದ ಕಚೇರಿಗೆ ನಾನೇ ಹೋದೆ. ಯಾವ ಕಚೇರಿ ಅಂತ ಹೆಸರು ಹೇಳುವುದು ಬೇಡ, ಈ ಅಭ್ಯಾಸ ಒಂದೇ ಕಡೆ ಇರುವುದಲ್ಲ. ನೋಟಿಸ್ ಹಾಕಿದ್ದರು, ಸುಳ್ಳು ಹೇಳಬಾರದು. ಮೆಟ್ಟಿಲ ಕೆಳಗೆ, ಗಾಜಿನ ಬಾಗಿಲಿನ ಬೋರ್ಡು, ಅದಕ್ಕೊಂದು ಪುಟ್ಟ ಬೀಗ. ಒಳಗೆ ಟೆಂಡರ್ ಪ್ರಕಟಣೆ, ಅದರ ಮೇಲೆ ಇನ್ನೊಂದು ಪ್ರಕಟಣೆ, ಅದರ ಅಂಚಿನಲ್ಲಿ ನಮ್ಮ ನೋಟಿಸ್. ಮಳೆಗಾಲದ ಥಂಡಿಗೆ ಹಾಳೆ ಸುರುಳಿ ಸುತ್ತಿಕೊಂಡಿತ್ತು. 'ದಿನಾಂಕ' ಅನ್ನುವ ಪದ ಕಾಣುತ್ತಿತ್ತು, ದಿನಾಂಕ ಕಾಣುತ್ತಿರಲಿಲ್ಲ. ತಲೆ ಓರೆ ಮಾಡಿಕೊಂಡು, ಗಾಜಿಗೆ ಮೊಬೈಲ್ ಟಾರ್ಚ್ ಹಿಡಿದು ಓದಬೇಕಾಯಿತು. ಕೆಳಗೆ ಸೀಲು, ಸಹಿ ಎಲ್ಲ ಸರಿಯಾಗಿತ್ತು. ಕಾಗದದ ಮಟ್ಟಿಗೆ ಕೆಲಸ ಮುಗಿದಿತ್ತು.

ಸ್ಟಾಪ್ ಮುಂದಕ್ಕೆ ಹೋಗಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಹಳೆಯ ಜಾಗದಲ್ಲಿ ಬಸ್ ನಿಂತರೆ ಹಿಂದೆ ಸಾಲು ಕಟ್ಟುತ್ತಿತ್ತು, ನಿಜ. ಆದರೆ ಅಲ್ಲಿ ಮೆಡಿಕಲ್ ಸ್ಟೋರಿನ ಶೀಟಿನ ಕೆಳಗೆ ನಿಲ್ಲಬಹುದಿತ್ತು. ಈಗಿನ ಜಾಗ ಬಯಲು. ನಮ್ಮ ಊರಿನ ಜುಲೈ ಮಳೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಗಾಳಿಗೆ ಛತ್ರಿ ಉಲ್ಟಾ ಆಗುತ್ತದೆ. ನಮ್ಮ ಅತ್ತೆಗೆ ಎಪ್ಪತ್ತೆರಡು ವರ್ಷ, ಆಸ್ಪತ್ರೆಗೆ ಹೋಗುವ ದಿನ ಸೀರೆ ಅಂಚು ಪೂರ್ತಿ ನೆನೆದು ಬಸ್ ಹತ್ತುತ್ತಾರೆ. ಮೊದಲು ಒಂದು ತಂಗುದಾಣ ಕಟ್ಟಿ ಆಮೇಲೆ ಸ್ಟಾಪ್ ಬದಲಾಯಿಸಿ ಅಂತ ಆ ಸಭೆಯಲ್ಲಿ ಒಬ್ಬರು ಎದ್ದು ನಿಂತು ಹೇಳಿದ್ದರೆ ಸಾಕಿತ್ತು. ಎರಡು ನಿಮಿಷದ ಮಾತು. ಆ ಎರಡು ನಿಮಿಷ ನಮಗೆ ಸಿಗಲಿಲ್ಲ.

ನನ್ನ ತವರು ಲಕ್ಯಾ ಕಡೆಯ ಹಳ್ಳಿ. ಅಲ್ಲಿ ಗ್ರಾಮಸಭೆ ಇದೆ ಅಂದರೆ ಊರಿಗೆಲ್ಲ ಗೊತ್ತಾಗುತ್ತದೆ. ನಾನು ಚಿಕ್ಕವಳಿದ್ದಾಗ ತಮಟೆ ಬಡಿದು ಸಾರುತ್ತಿದ್ದರು, ಈಗ ಆಟೋಗೆ ಮೈಕ್ ಕಟ್ಟಿಕೊಂಡು ಬರುತ್ತಾರೆ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮಸಭೆ ಆಗಲೇಬೇಕು. ಜನ ಸಾಕಷ್ಟು ಬರದಿದ್ದರೆ ಕೋರಂ ಇಲ್ಲ ಅಂತ ಸಭೆ ಮುಂದಕ್ಕೆ ಹೋಗುತ್ತದೆ. ಅಲ್ಲೂ ಜಗಳ ಇದೆ, ತಕರಾರು ಇದೆ, ಆದರೆ ಸಭೆ ಇದೆ ಅನ್ನುವುದು ಗೊತ್ತಿರುತ್ತದೆ. ಪೇಟೆಗೆ ಬಂದರೆ ಆ ಸವಲತ್ತು ಇಲ್ಲ. ಸಂವಿಧಾನದಲ್ಲಿ ವಾರ್ಡ್ ಸಮಿತಿ ಕಡ್ಡಾಯ ಅಂತ ಇರುವುದು 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಿಗೆ. 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಮಗಳೂರು ಸುಮಾರು 1.18 ಲಕ್ಷ. ನಗರದಲ್ಲಿ 35 ವಾರ್ಡ್ ಇವೆ, ಆದರೆ ಹಳ್ಳಿಯವರ ಹಾಗೆ ಆರು ತಿಂಗಳಿಗೊಮ್ಮೆ ಕೂತು ಕೇಳುವ ಅಭ್ಯಾಸ ನಮಗಿಲ್ಲ. ಹಾಗಾಗಿ ಅಪರೂಪಕ್ಕೆ ಆಗುವ ಒಂದೊಂದು ಸಭೆಯೂ ನಮಗೆ ದೊಡ್ಡದು. ಅದೂ ತಪ್ಪಿಹೋದರೆ ಏನು ಮಾಡೋಣ?

ಅಂಗಡಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಟೈಪ್ ಮಾಡಿಸಲು ಬರುವವರು ತುಂಬಾ ಜನ. ಟೈಪ್ ಮಾಡಿ ಮಾಡಿ ಆ ಕಾಯ್ದೆ ನನಗೂ ಸ್ವಲ್ಪ ಬಾಯಿಗೆ ಬಂದಿದೆ. ಅರ್ಜಿ ಹಾಕಿದ ಮೇಲೆ ಮಾಹಿತಿ ಕೊಡುವುದು ಎಲ್ಲರಿಗೂ ಗೊತ್ತು. 2005ರ ಆ ಕಾಯ್ದೆಯ 4ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ. ಕಚೇರಿಯವರು ತಮ್ಮ ಮಂಡಳಿ, ಸಮಿತಿಗಳು ಯಾವುವು, ಅವುಗಳ ಸಭೆಗೆ ಜನ ಬರಬಹುದಾ, ನಡಾವಳಿ ಜನರಿಗೆ ಸಿಗುತ್ತದಾ ಅನ್ನುವುದನ್ನು ಯಾರೂ ಕೇಳದೆ ತಾವಾಗಿಯೇ ಪ್ರಕಟಿಸಬೇಕು. ಅದೂ ಸ್ಥಳೀಯ ಭಾಷೆ ನೋಡಿಕೊಂಡು, ಆ ಊರಿನ ಜನರಿಗೆ ಯಾವ ದಾರಿಯಲ್ಲಿ ಚೆನ್ನಾಗಿ ತಲುಪುತ್ತದೋ ಅದನ್ನು ನೋಡಿಕೊಂಡು. ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕ ಪ್ರಕಟಣೆ, ಇಂಟರ್ನೆಟ್, ಎಲ್ಲದರ ಹೆಸರೂ ಅಲ್ಲಿದೆ. ನಮ್ಮಲ್ಲಿ ಬೋರ್ಡನ್ನು ಮಾತ್ರ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟಿದ್ದೇವೆ.

ಮುಂಚಿತವಾಗಿ ಹೇಳುವುದು ಆಗದ ಕೆಲಸವೂ ಅಲ್ಲ. ಗಣಿ, ದೊಡ್ಡ ಕಾರ್ಖಾನೆಯಂಥ ಯೋಜನೆಗಳಿಗೆ ಪರಿಸರ ಅಹವಾಲು ಸಭೆ ಮಾಡುವಾಗ ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮೊದಲು ತಿಳಿಸಬೇಕು. ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಜಾಹೀರಾತು ಬರಬೇಕು. ಇಂತಿಷ್ಟು ಜನ ಇದ್ದರೆ ಮಾತ್ರ ಸಭೆ ಅನ್ನುವ ಕೋರಂ ಅದಕ್ಕಿಲ್ಲ, ಯಾರೂ ಬರದಿದ್ದರೂ ಶುರು ಮಾಡಬಹುದು. ಅಂಥ ಸಭೆಗೆ ಮೊದಲೇ ತಿಳಿಸುವುದು ಎಷ್ಟು ಮುಖ್ಯ ನೋಡಿ. ಬಸ್ ಸ್ಟಾಪಿಗೆ 30 ದಿನ ಬೇಕು ಅಂತ ನಾನು ಕೇಳುತ್ತಿಲ್ಲ. ಒಂದು ವಾರ ಕೊಡಿ ಸಾಕು.

ಸಭೆ ಅಷ್ಟೇ ಅಲ್ಲ, ಶಿಬಿರಗಳದ್ದೂ ಇದೇ ಕಥೆ. ಹೋದ ವರ್ಷ ಒಂದು ಬೆಳಿಗ್ಗೆ ಆಲ್ದೂರು ಕಡೆಯಿಂದ ವಯಸ್ಸಾದ ಗಂಡ ಹೆಂಡತಿ ಅಂಗಡಿ ಬಾಗಿಲಿಗೆ ಬಂದರು. ಅಜ್ಜನ ಕೈಯಲ್ಲಿ ಮೊಮ್ಮಗನ ಮೊಬೈಲು. "ಇದು ಎಲ್ಲಿ ಬರುತ್ತೆ ಮಗಳೇ?" ಅಂತ ತೋರಿಸಿದರು. ಉಚಿತ ಕಣ್ಣಿನ ತಪಾಸಣೆ, ನಾಳೆ ಬೆಳಿಗ್ಗೆ 10ಕ್ಕೆ ಅಂತ ಒಂದು ವಾಟ್ಸಾಪ್ ಮೆಸೇಜು. ದಿನಾಂಕ ಇಲ್ಲ, ವಾರದ ಹೆಸರೂ ಇಲ್ಲ. ಯಾರೋ ಬರೆದದ್ದು ಯಾರ ಯಾರ ಗುಂಪಿಗೋ ಹೋಗಿ ಅವರಿಗೆ ತಲುಪುವ ಹೊತ್ತಿಗೆ ಆ 'ನಾಳೆ' ನಿನ್ನೆ ಆಗಿತ್ತು. ಶಿಬಿರ ಮುಗಿದಿದೆ ಅಂತ ನಾನು ಹೇಗೆ ಹೇಳಲಿ? ಹೇಳಿದೆ. "ನಾಳೆ ಅಂತಾನೇ ಇತ್ತಲ್ಲಮ್ಮಾ" ಅಂದರು ಅಜ್ಜಿ. ಅವರು ತೋಟದ ಕೆಲಸಕ್ಕೆ ರಜೆ ಹಾಕಿ, ಬುತ್ತಿ ಕಟ್ಟಿಕೊಂಡು ಬಂದಿದ್ದರು. ಟೀ ಕೊಟ್ಟು ಬಸ್ಸಿಗೆ ಕಳಿಸಿದೆ. ಆ ಬುತ್ತಿಯ ಗಂಟು ಬಿಚ್ಚಿಯೂ ಇರಲಿಲ್ಲ, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವತ್ತಿನಿಂದ ನನ್ನ ಹತ್ತಿರ ಏನೇ ಟೈಪ್ ಮಾಡಿಸಲು ಬಂದರೂ ಮೊದಲು ದಿನಾಂಕ, ವಾರ, ಸಮಯ, ಜಾಗ ಕೇಳುತ್ತೇನೆ. ಇಲ್ಲಿ ನಮ್ಮ ಸಂಘ ಸಂಸ್ಥೆಯವರಿಗೂ ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬಾರದು. ಆಹ್ವಾನ ಪತ್ರಿಕೆ ಮಾಡಿಸಲು ಬಂದಾಗ ಉದ್ಘಾಟನೆ ಯಾರು, ಅಧ್ಯಕ್ಷತೆ ಯಾರು, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಯಾರ ಹೆಸರು ಮೇಲೆ ಯಾರದು ಕೆಳಗೆ, ಇದಕ್ಕೇ ಎರಡು ಗಂಟೆ ಹೋಗುತ್ತದೆ. ಮೂವತ್ತು ನಲವತ್ತು ಹೆಸರು ಕೂರಿಸಿದ ಮೇಲೆ ಸಮಯ ಮತ್ತು ಸ್ಥಳಕ್ಕೆ ಉಳಿಯುವುದು ಎರಡು ಬೆರಳಗಲ ಜಾಗ. ಅಕ್ಷರ ಸಣ್ಣದು ಮಾಡು ಅನ್ನುತ್ತಾರೆ. ಹೆಸರು ಬೇಕು, ದುಡ್ಡು ಕೊಟ್ಟವರು, ದುಡಿದವರು ಇರುತ್ತಾರೆ, ಅವರಿಗೆ ಗೌರವ ಕೊಡಬೇಕು. ಆದರೆ ಕುವೆಂಪು ಕಲಾಮಂದಿರದಲ್ಲಿ ಒಳ್ಳೆಯ ನಾಟಕ ಇದ್ದ ಸಂಜೆ ಹಿಂದಿನ ಅರ್ಧ ಕುರ್ಚಿ ಖಾಲಿ ಇದ್ದದ್ದನ್ನು ನಾನು ನೋಡಿದ್ದೇನೆ. ಮರುದಿನ ಅಂಗಡಿಗೆ ಬಂದ ಮೂವರು "ಅಯ್ಯೋ, ನಿನ್ನೆ ಇತ್ತಾ? ಗೊತ್ತಿದ್ದರೆ ಬರುತ್ತಿದ್ದೆವು" ಅಂದರು. ನಮ್ಮ ಊರಿನ ಜನಕ್ಕೆ ಆಸಕ್ತಿ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ನಿಮ್ಮನ್ನು ಕೇಳಿಕೊಳ್ಳುವುದು. 'ನಗರದಲ್ಲಿ ಇಂದು' ಅಂತ ಪತ್ರಿಕೆಗಳಲ್ಲಿ ಬರುತ್ತದಲ್ಲ, ಅದು ಒಳ್ಳೆಯದೇ. ಆದರೆ ಬೆಳಿಗ್ಗೆ ಏಳಕ್ಕೆ ಪೇಪರ್ ಓದಿ ಹನ್ನೊಂದಕ್ಕೆ ಕೆಲಸ ಬಿಟ್ಟು ಸಭೆಗೆ ಹೋಗಲು ಎಷ್ಟು ಜನಕ್ಕೆ ಆಗುತ್ತದೆ? ಕೂಲಿಯವರಿಗೆ ಒಂದು ದಿನದ ಸಂಬಳ ಹೋಗುತ್ತದೆ. ಅಂಗಡಿ ಇಟ್ಟವರು ಬಾಗಿಲು ಹಾಕಬೇಕು. ನೀರು ಬಿಡುವ ದಿನವಾದರೆ ಹೆಂಗಸರು ಮನೆ ಬಿಟ್ಟು ಕದಲುವ ಹಾಗಿಲ್ಲ. ಅದಕ್ಕೆ ಭಾನುವಾರದ ಪತ್ರಿಕೆಯಲ್ಲಿ ಮುಂದಿನ ವಾರದ್ದು ಒಟ್ಟಿಗೆ ಕೊಡಿ. ಜನ ಮಾತಾಡಬಹುದಾದ ಸಭೆಗಳನ್ನು ಬೇರೆ ಚೌಕದಲ್ಲಿ ಹಾಕಿ, ಸನ್ಮಾನ, ಉದ್ಘಾಟನೆಗಳ ಜೊತೆ ಸೇರಿಸಬೇಡಿ. ಯಾವ ವಿಚಾರ ತೀರ್ಮಾನ ಆಗುತ್ತದೆ, ಯಾವ ಬೀದಿ, ಯಾವ ವಾರ್ಡಿಗೆ ಸಂಬಂಧ, ಬರಲು ಆಗದವರು ಬರೆದು ಕೊಡಬಹುದಾ, ಯಾವತ್ತಿನವರೆಗೆ, ಇಷ್ಟಿದ್ದರೆ ಸಾಕು. ಮುಖ್ಯ ಅತಿಥಿಯ ಹೆಸರು ಇಲ್ಲದಿದ್ದರೂ ನಡೆಯುತ್ತದೆ. ಸಭೆ ಆದ ಮೇಲೆ ಏನು ತೀರ್ಮಾನ ಆಯಿತು ಅನ್ನುವುದನ್ನೂ ಅದೇ ಚೌಕದಲ್ಲಿ ಎರಡು ಸಾಲು ಹಾಕಿ.

ಕಚೇರಿಯವರಿಗೂ ಖರ್ಚಿಲ್ಲದ ದಾರಿಗಳಿವೆ. ದಿನಾ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬೀದಿಗೆ ಬರುತ್ತದೆ. ಆ ಸದ್ದು ಕೇಳಿದ ತಕ್ಷಣ ಮನೆಯವರೆಲ್ಲ ಬಕೆಟ್ ಹಿಡಿದು ಬಾಗಿಲಿಗೆ ಬರುತ್ತೇವೆ. ಸಭೆಗೆ ಮುಂಚಿನ ಮೂರು ದಿನ ಆ ಹಾಡಿನ ಮಧ್ಯೆ ಅರ್ಧ ನಿಮಿಷದ ಪ್ರಕಟಣೆ ಹಾಕಿದರೆ, ಪೇಪರ್ ತರಿಸದ ಮನೆಗೂ ಮೊಬೈಲ್ ನೋಡಲು ಬಾರದ ಅಜ್ಜಿಗೂ ವಿಷಯ ಮುಟ್ಟುತ್ತದೆ. ಸಂತೆ ದಿನ ಸಂತೆ ಮೈದಾನದ ಬಾಗಿಲಲ್ಲಿ ಒಂದು ದೊಡ್ಡ ಹಲಗೆ ಇಡಬಹುದು. ಸುತ್ತಲಿನ ಹಳ್ಳಿಯವರು, ತೋಟದ ಲೈನ್ ಮನೆಯವರು ಅಲ್ಲಿಗೆ ಬಂದೇ ಬರುತ್ತಾರೆ. ಆ ಆಲ್ದೂರು ಕಡೆಯ ಅಜ್ಜ ಅಜ್ಜಿ ಒಂದು ಹಲಗೆ ನೋಡಿದ್ದರೂ ಸಾಕಾಗಿತ್ತು. ವಾಟ್ಸಾಪಿನಲ್ಲಿ ಕಳಿಸುವವರು ದಯವಿಟ್ಟು 'ನಾಳೆ', 'ಇಂದು' ಅಂತ ಬರೆಯಬೇಡಿ, ತಾರೀಖು ಬರೆಯಿರಿ. ಸಮಯದ ವಿಚಾರಕ್ಕೆ ಬಂದರೆ, ಜನರ ಅಭಿಪ್ರಾಯ ಕೇಳುವ ಸಭೆಯನ್ನು ಸಂಜೆ ಐದೂವರೆ ಮೇಲೆ ಅಥವಾ ಭಾನುವಾರ ಬೆಳಿಗ್ಗೆ ಇಡಲು ಏನು ತೊಂದರೆ? ಸಿಬ್ಬಂದಿಗೆ ಕಷ್ಟ ಅನ್ನುವುದು ಅರ್ಥವಾಗುತ್ತದೆ. ಎಲ್ಲ ಸಭೆಗೂ ಬೇಡ, ತಿಂಗಳಿಗೆ ಒಂದಾದರೂ ಹಾಗೆ ಮಾಡಿ ನೋಡಲಿ.

ಬಜೆಟ್‌ಗೆ ಮುಂಚೆ ಜನರ ಸಲಹೆ ಕೇಳುವ ಪೂರ್ವಭಾವಿ ಸಭೆಗಳ ಕಾಲ ಬರುತ್ತದೆ. ನಮ್ಮ ಬೀದಿಯವರು ಈ ಸಲ ಹೋಗಲೇಬೇಕು ಅಂತ ಮಾತಾಡಿಕೊಂಡಿದ್ದೇವೆ. ತಂಗುದಾಣದ ಅರ್ಜಿ ಟೈಪ್ ಮಾಡಿ ಇಟ್ಟಿದ್ದೇನೆ, ಐವತ್ತೆರಡು ಸಹಿ ಆಗಿದೆ, ನಮ್ಮ ಅತ್ತೆಯದೇ ಮೊದಲನೆಯದು. ತಾರೀಖು ಗೊತ್ತಾಗುವುದೊಂದು ಬಾಕಿ.

ನನ್ನಿಂದ ಆಗುವುದನ್ನೂ ಹೇಳುತ್ತೇನೆ. ವಾರದ ಪಟ್ಟಿ ಯಾರೇ ತಂದುಕೊಟ್ಟರೂ, ಕಚೇರಿಯವರಾಗಲಿ ಸಂಘದವರಾಗಲಿ, ದುಡ್ಡು ತೆಗೆದುಕೊಳ್ಳದೆ ಟೈಪ್ ಮಾಡಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಂಗಡಿ ಮುಂದೆ ಅಂಟಿಸುತ್ತೇನೆ. ನಮ್ಮ ಸಾಲಿನ ಬೇಕರಿಯವರು, ಮೆಡಿಕಲ್ ಸ್ಟೋರಿನ ಅಣ್ಣ ತಮ್ಮಲ್ಲೂ ಹಾಕಲು ಒಪ್ಪಿದ್ದಾರೆ. ನೀವು ಭಾನುವಾರದ ಚೌಕ ಶುರು ಮಾಡಿದರೆ ಅದನ್ನೇ ಕತ್ತರಿಸಿ, ದೊಡ್ಡದು ಮಾಡಿ ಹಾಕುತ್ತೇವೆ. ಯಾವ ಭಾನುವಾರದಿಂದ ಅಂತ ತಿಳಿಸಿ.

ನಿಮ್ಮ ಓದುಗರಲ್ಲೊಬ್ಬಳು,
ಚಿಕ್ಕಮಗಳೂರು