ಚಿಲಕ ಹಾಕದ ಬಾಗಿಲು

ಪುಟ್ಟಿ,

ನಿನ್ನೆ ಫೋನಿನಲ್ಲಿ ‘ಏನಮ್ಮಾ ವಿಶೇಷ’ ಅಂದೆ. ‘ಏನೂ ಇಲ್ಲ, ಎಲ್ಲ ಮಾಮೂಲು’ ಅಂದುಬಿಟ್ಟೆ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದರು, ಇನ್ನೇನು ಹೇಳಲಿ? ಈಗ ಅವರು ರೊಪ್ಪದ ಕಡೆ ಹೋಗಿದ್ದಾರೆ. ವಾಪಸ್ ಬರುವುದರೊಳಗೆ ಬರೆದು ಮುಗಿಸಬೇಕು.

ಭಾನುವಾರ ಬೆಳಿಗ್ಗೆ ಕಾಳಿನ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಆರು ಕುರಿ, ಮೂಟೆಗೆ ಮುಖ ಹುದುಗಿಸಿಕೊಂಡು. ಮುಂದಾಳು ಯಾರು ಅಂತ ಕೇಳಲೇಬೇಡ, ನಿನ್ನ ಕರಿಮೂತಿ. ಹಲ್ಲು ಉದುರಿ ಮುದುಕಿಯಾದರೂ ಆ ಬಾಗಿಲನ್ನು ದಿನಾ ಒಮ್ಮೆ ಮೂತಿಯಿಂದ ಒತ್ತಿ ನೋಡುವ ಚಾಳಿ ಬಿಟ್ಟಿಲ್ಲ. ಅವಳೊಬ್ಬಳು ನುಗ್ಗಿದ ಮೇಲೆ ಉಳಿದವು ನುಗ್ಗುವುದಕ್ಕೆ ಕಾರಣ ಬೇಕೇ?

ಹುಲ್ಲಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಅಷ್ಟು ಕಾಳು ಬಿದ್ದರೆ ಒಳಗೆಲ್ಲ ಹುಳಿಯೇರಿ ಮೆಲುಕೇ ನಿಂತುಹೋಗುತ್ತೆ. ಮಧ್ಯಾಹ್ನದ ಹೊತ್ತಿಗೆ ಎರಡು ಕುರಿ ಗುಂಪು ಬಿಟ್ಟು ಮೂಲೆಯಲ್ಲಿ ಹಲ್ಲು ಕಡಿಯುತ್ತಾ ನಿಂತಿದ್ದವು. ಎಡಪಕ್ಕೆ ಒತ್ತಿದರೆ ನಾದಿದ ಹಿಟ್ಟು ಒತ್ತಿದ ಹಾಗೆ, ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದ ಅಳತೆಗೆ ಅಡುಗೆ ಸೋಡಾ ಕದಡಿಕೊಂಡು ಬಂದೆ. ನಿಮ್ಮಪ್ಪ ಕುರಿಯ ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದಾರೆ! ಹಾಗೆ ಎತ್ತಿ ಹುಯ್ದರೆ ಶ್ವಾಸಕೋಶಕ್ಕೆ ಇಳಿಯುತ್ತೆ, ತಲೆ ಮಟ್ಟಸವಾಗಿರಬೇಕು, ಬಾಯಿಯ ಪಕ್ಕದಿಂದ ಗುಟುಕು ಗುಟುಕಾಗಿ ಬಿಡಬೇಕು. ನನಗಿಂತ ಚೆನ್ನಾಗಿ ಅವರಿಗೇ ಗೊತ್ತು, ಆವತ್ತು ಕೈ ನಡುಗುತ್ತಿತ್ತು ಅಷ್ಟೆ. ಅರ್ಧ ಸೋಡಾ ಅವರ ಅಂಗಿಗೇ ಹೋಯಿತು. ಸಂಜೆ ಡಾಕ್ಟರು ಬಂದು ಸೂಜಿ ಹಾಕಿದರು. ರಾತ್ರಿ 11 ಗಂಟೆಗೆ ಟಾರ್ಚು ಬಿಟ್ಟು ನೋಡುತ್ತಾ ಕೂತಿದ್ದೆವು, ಒಂದು ಕುರಿಯ ಕತ್ತಿನಲ್ಲಿ ಸಣ್ಣ ಉಂಡೆಯೊಂದು ಕೆಳಗಿನಿಂದ ಮೇಲಕ್ಕೆ ಹರಿಯಿತು. ದವಡೆ ಆಡಿತು. ನಾವಿಬ್ಬರೂ ಮಾತಾಡಲಿಲ್ಲ.

ಕರಿಮೂತಿಗೆ ಏನೂ ಆಗಿಲ್ಲ. ಮೂಟೆ ಹತ್ತಿರ ಉಳಿದವು ಅವಳನ್ನು ಪಕ್ಕಕ್ಕೆ ತಳ್ಳಿರಬೇಕು.

ಮರುದಿನ ನಿಮ್ಮಪ್ಪ ಆ ಚಿಲಕದ ಮುಂದೆ ಬಹಳ ಹೊತ್ತು ನಿಂತಿದ್ದರು. ‘ಪುಟ್ಟಿಯೂ ಮನೆಯಲ್ಲಿಲ್ಲ, ಮತ್ತೆ ಯಾರು ತೆಗೆದರು?’ ಶನಿವಾರ ರಾತ್ರಿ ಕೊನೆಗೆ ಒಳಗೆ ಹೋದವರು ಯಾರು ಅಂತ ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಂಗಳವಾರ ಇನ್ನೊಂದು. ಗಬ್ಬದ ಕುರಿಯೊಂದು ತಗ್ಗಿನಲ್ಲಿ ಅಂಗಾತ ಬಿದ್ದು ನಾಲ್ಕೂ ಕಾಲು ಮೇಲೆ ಮಾಡಿತ್ತು. ಮೈತುಂಬ ಉಣ್ಣೆ, ಹೊಟ್ಟೆಯ ಭಾರ ಬೇರೆ, ಹೊರಳಲಾಗಿಲ್ಲ. ಸತ್ತೇಹೋಯಿತು ಅಂತ ನಿಮ್ಮಪ್ಪ ಗುದ್ದಲಿ ತರಲು ಹೊರಟರು. ಅಷ್ಟರಲ್ಲಿ ಕಿವಿ ಅಲ್ಲಾಡಿತು! ಹಾಗೇ ಇನ್ನೊಂದಿಷ್ಟು ಹೊತ್ತು ಬಿಟ್ಟಿದ್ದರೆ ಹೊಟ್ಟೆಯಲ್ಲಿ ಗಾಳಿ ತುಂಬಿ ನಿಜವಾಗಿಯೂ ಸಾಯುತ್ತಿತ್ತು. ಎಬ್ಬಿಸಿ ನಿಲ್ಲಿಸಿ, ಕಾಲಿನ ಜೋಮು ಬಿಡುವ ತನಕ ಹಿಡಿದುಕೊಂಡಿದ್ದೆ. ಆಮೇಲೆ ನನ್ನ ಕಾಲ ಮೇಲೇ ಉಚ್ಚೆ ಹೊಯ್ದು, ತಿರುಗಿಯೂ ನೋಡದೆ ಮೇಯಲು ಹೋಯಿತು.

ಮೊನ್ನೆ ರಾತ್ರಿ ಅವಳಿ ಮರಿ. ತಾಯಿ ಮೊದಲನೆಯದನ್ನು ನೆಕ್ಕುತ್ತಾ ಕೂತಾಗ ಎರಡನೆಯದು ತೆವಳಿಕೊಂಡು ದೂರ ಹೋಗಿಬಿಟ್ಟಿದೆ. ನಾನು ನೋಡಿದಾಗ ಬಾಯೊಳಗೆ ಬೆರಳಿಟ್ಟರೆ ತಣ್ಣಗಿತ್ತು. ಅಂಥದ್ದಕ್ಕೆ ಮೊದಲು ಕಾವು, ಆಮೇಲೆ ಹಾಲು. ಬಿಸಿನೀರಿನ ಬಾಟಲಿಯ ಜೊತೆ ಪೆಟ್ಟಿಗೆಯಲ್ಲಿಟ್ಟು, ತಲೆ ಎತ್ತಿದ ಮೇಲೆ ತಾಯಿಯ ಗಿಣ್ಣು ಹಾಲನ್ನೇ ಹಿಂಡಿ ಕುಡಿಸಿದೆ. ಹುಟ್ಟಿದ ಮೊದಲ ಕೆಲವು ಗಂಟೆಯೊಳಗೇ ಅದು ಹೊಟ್ಟೆ ಸೇರಬೇಕು ನೋಡು, ಒಂದು ದಿನ ಕಳೆದ ಮೇಲೆ ಕುಡಿಸಿದರೆ ರೋಗ ತಡೆಯುವ ಶಕ್ತಿ ಮೈಗೆ ಹತ್ತುವುದಿಲ್ಲ. ಈಗ ತಾಯಿ ಇದನ್ನು ಮೂಸಿ ಮೂಸಿ ಗುದ್ದುತ್ತಿದೆ, ತನ್ನದಲ್ಲವಂತೆ. ಹಾಗಾಗಿ ಬಾಟಲಿ ನನ್ನ ಪಾಲಿಗೆ ಬಂದಿದೆ. ರಾತ್ರಿ 3 ಗಂಟೆಗೆ ಹಾಲು ಮುಗಿದ ಮೇಲೂ ನನ್ನ ಸ್ವೆಟರಿನ ತೋಳು ಚೀಪುತ್ತಾ ನಿಂತಿರುತ್ತೆ. ಆ ಹೊತ್ತಿನಲ್ಲೇ ನೋಡು, ಹಳೆಯದೆಲ್ಲ ನೆನಪಾಗುವುದು.

ನಾಲ್ಕು ವರ್ಷದ ಹಿಂದೆ ಇದೇ ಬಾಗಿಲು ತೆರೆದಿತ್ತಲ್ಲ, ನಿಮ್ಮಪ್ಪ ನಿನ್ನನ್ನು ಬೈದರಲ್ಲ, ‘ನಾನು ಚಿಲಕ ಹಾಕಿದ್ದೆ’ ಅಂತ ನೀನು ಎಷ್ಟು ಅತ್ತರೂ ಯಾರೂ ನಂಬಲಿಲ್ಲವಲ್ಲ. ನೀನು ಹಾಕಿದ್ದೆ. ಆಮೇಲೆ ಬಕೆಟ್ ತರಲು ಒಳಗೆ ಹೋದವಳು ನಾನು. ಎರಡೂ ಕೈ ತುಂಬಿತ್ತು, ಹಿಮ್ಮಡಿಯಿಂದ ಬಾಗಿಲು ತಳ್ಳಿ ಬಂದೆ. ಮಧ್ಯಾಹ್ನವೇ ನೆನಪಾಯಿತು. ಅಷ್ಟರಲ್ಲಿ ಬೈಗುಳ ಮುಗಿದಿತ್ತು, ಮತ್ತೆ ಶುರುವಾಗುವುದು ಬೇಡ ಅನ್ನಿಸಿತು. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದೆ, ಸಿಗಲಿಲ್ಲ. ನೀನು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಅದನ್ನು ನೋಡಿದವಳು ಕರಿಮೂತಿ ಒಬ್ಬಳೇ. ಕುರಿಗಳು ಬೇರೆ 50 ಕುರಿಗಳ ಮುಖವನ್ನು 2 ವರ್ಷ ನೆನಪಿಟ್ಟುಕೊಳ್ಳುತ್ತವೆ ಅಂತ ಕೇಂಬ್ರಿಡ್ಜ್ ಹತ್ತಿರದ ಬಾಬ್ರಹಾಂ ಸಂಸ್ಥೆಯವರು 2001ರಲ್ಲಿ ಕಂಡುಕೊಂಡದ್ದನ್ನು ನೀನೇ ಓದಿ ಹೇಳಿದ್ದೆ. ಆ ಲೆಕ್ಕದಲ್ಲಿ ನನ್ನ ವಿರುದ್ಧದ ಸಾಕ್ಷಿಯ ಅವಧಿ ಯಾವತ್ತೋ ಮುಗಿದಿದೆ.

ನಿಮ್ಮಪ್ಪ ಈಗ ಚಿಲಕಕ್ಕೆ ಹಗ್ಗ ಬಿಗಿದಿದ್ದಾರೆ. ಎಂಥ ಗಂಟು ಹಾಕಿದ್ದಾರೆ ಅಂದರೆ ಅವರಿಗೇ ಬಿಚ್ಚಲಾಗುತ್ತಿಲ್ಲ, ಬೆಳಿಗ್ಗೆ ಕಿಟಕಿ ಹತ್ತಿ ಇಳಿದು ಕಾಳು ತಂದರು. ಬಕೆಟ್ಟಿನ ಸಂಗತಿ ಅವರಿಗಿನ್ನೂ ಹೇಳಿಲ್ಲ. ನೀನು ಬಂದಾಗ ಊಟಕ್ಕೆ ಕೂತಿರುವಾಗ ನಿನ್ನೆದುರೇ ಹೇಳುತ್ತೇನೆ, ಎದ್ದು ಹೋಗಬೇಡ.

ಮರಿ ಕೂಗುತ್ತಿದೆ.

ನಿನ್ನ
ಅಮ್ಮ