355 ನ್ಯಾನೋಮೀಟರ್ ಬೆಳಕಿಗಾಗಿ ದುಡಿದವರಿಗೆಲ್ಲ ಥ್ಯಾಂಕ್ಸ್

ನಮ್ಮ ಯುವಿ (ಅತಿನೇರಳೆ) ಲೇಸರ್ ಕೊನೆಗೂ ದೀರ್ಘ ಪರೀಕ್ಷೆಯಲ್ಲಿ ಪಾಸಾಯಿತು. 355 ನ್ಯಾನೋಮೀಟರ್ ತರಂಗಾಂತರದಲ್ಲಿ 20 ವ್ಯಾಟ್, ವಾರಗಟ್ಟಲೆ, ಪವರ್ ಇಳಿಯದೆ. ಶಭಾಶ್‌ಗಿರಿ ಎಲ್ಲ ನನಗೇ ಸಿಗುತ್ತಿದೆ. ಅದು ಸರಿಯಲ್ಲ, ಅಲ್ವಾ?

20 ವ್ಯಾಟ್ ತೆಗೆಯುವುದು ದೊಡ್ಡ ವಿಷಯವೇನಲ್ಲ. ನಿಯೋಡಿಮಿಯಮ್ ಲೇಸರ್‌ನ 1064 ನ್ಯಾನೋಮೀಟರ್ ಬೆಳಕನ್ನು ಎಲ್‌ಬಿಒ (ಲಿಥಿಯಂ ಟ್ರೈಬೋರೇಟ್) ಹರಳಿಗೆ ಬಿಟ್ಟರೆ ಒಂದು ಪಾಲು 532ರ ಹಸಿರಾಗುತ್ತದೆ. ಆ ಹಸಿರು, ಉಳಿದ 1064ರ ಜೊತೆ ಎರಡನೇ ಹರಳಿನಲ್ಲಿ ಕೂಡಿದರೆ 355. ಕಣ್ಣಿಗೆ ಕಾಣದ ಬೆಳಕು. ಬಿಳಿ ಕಾಗದ ಹಿಡಿದರೆ ನೀಲಿಯಾಗಿ ಹೊಳೆಯುತ್ತದೆ.

ಕಷ್ಟ ಇರುವುದು ಉಳಿಸಿಕೊಳ್ಳುವುದರಲ್ಲಿ. ಪೆಟ್ಟಿಗೆಯೊಳಗೆ ಎಣ್ಣೆಯದೋ ಅಂಟಿನದೋ ಚೂರು ಆವಿ ಇದ್ದರೂ ಯುವಿ ಅದನ್ನು ಒಡೆದು, ಹರಳಿನಲ್ಲಿ ತಾನು ಹೊರಬರುವ ಮುಖದ ಮೇಲೇ ಕೂರಿಸುತ್ತದೆ. ಆ ಪೊರೆ ಬೆಳಕು ಹೀರಿ ಬಿಸಿಯಾಗುತ್ತದೆ. ಆಮೇಲೆ ಹರಳಿನ ಮೇಲಿನ ಕೋಟಿಂಗ್ ಸುಡುತ್ತದೆ. ತಾನೇ ಹುಟ್ಟಿದ ಮನೆಗೆ ಬೆಂಕಿ ಇಡುವ ಬೆಳಕು ಇದು.

ಪವರ್ ಪದೇ ಪದೇ ಇಳಿದಾಗ ನಾವೆಲ್ಲ ಹರಳನ್ನೇ ಬೈಯುತ್ತಿದ್ದೆವು. ನಮ್ಮ ಟೆಕ್ನಿಷಿಯನ್ ಮಾತ್ರ ಅದನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಸುಮ್ನೆ ನೋಡುತ್ತಾ ಕೂತರು. ಕಿರಣ ಹಾದ ಜಾಗದಲ್ಲಷ್ಟೇ ಕಂದು ಮಬ್ಬು, ಸುತ್ತ ಗಾಜಿನಂತೆ ಸ್ವಚ್ಛ. 'ಇದು ಹೊರಗಿಂದ ಬಂದದ್ದು' ಅಂದರು. ಒಂದೊಂದೇ ಭಾಗ ಬಿಚ್ಚುತ್ತಾ ಹೋಗಿ, ಆವಿ ಬಿಡುತ್ತಿದ್ದ ಹೀಟರ್ ವೈರಿನ ಪ್ಲಾಸ್ಟಿಕ್ ಹೊದಿಕೆಯನ್ನು ಹಿಡಿದುಕೊಟ್ಟರು. ಈ ಲೇಸರ್ ಇವತ್ತು ಓಡುತ್ತಿರುವುದು ಅವರಿಂದ. ಇದನ್ನು ಜೋರಾಗಿಯೇ ಹೇಳುತ್ತೇನೆ.

ಹರಳು ಕೂರಿಸಲು ಅಂಟೇ ಇಲ್ಲದ ಹಿಡಿಕೆ ಮಾಡಿ, ಪ್ರತಿ ತಿರುಪನ್ನೂ ತೊಳೆದು, ವ್ಯಾಕ್ಯೂಮ್‌ನಲ್ಲಿ ಕಾಯಿಸಿ ಕೊಟ್ಟ ವರ್ಕ್‌ಶಾಪ್ ಗೆಳೆಯರಿಗೆ, ಹರಳಿಗೆ ಪಾಲಿಶ್ ಕೊಟ್ಟವರಿಗೆ ಋಣಿ. 1989ರಲ್ಲಿ ಎಲ್‌ಬಿಒ ಬಗ್ಗೆ ಪ್ರಬಂಧ ಪ್ರಕಟಿಸಿದ ಚೀನಾದ ಚೆನ್ ಚುವಾಂಗ್‌ಟಿಯನ್ ಮತ್ತು ಸಂಗಡಿಗರಿಗೂ. 1961ರಲ್ಲಿ ಅಮೆರಿಕದ ಭೌತವಿಜ್ಞಾನಿ ಪೀಟರ್ ಫ್ರಾಂಕನ್ ಅವರ ತಂಡ ಕೆಂಪು ಮಾಣಿಕ್ಯ ಲೇಸರ್‌ನಿಂದ ಮೊದಲ ಸಲ ಯುವಿ ಚುಕ್ಕಿ ತೆಗೆದಾಗ, ಪ್ರಬಂಧ ಅಚ್ಚು ಮಾಡಿದ ವಿಜ್ಞಾನ ಪತ್ರಿಕೆಯವರು ಅದನ್ನು ಧೂಳಿನ ಕಲೆ ಅಂದುಕೊಂಡು ಫೋಟೋದಿಂದ ಅಳಿಸಿದ್ದರಂತೆ! ನಮಗೆ ನಿಜವಾದ ಕಲೆಗಳೇ ಜಾಸ್ತಿ ಸಿಕ್ಕವು.

ಮುಂದಿನದು 266 ನ್ಯಾನೋಮೀಟರ್. ಅದಕ್ಕೆ ಸಿಎಲ್‌ಬಿಒ (ಸೀಸಿಯಂ ಲಿಥಿಯಂ ಬೋರೇಟ್) ಹರಳು. ತೇವ ಕಂಡರೆ ಆಗದು, ಸುಮಾರು 150 ಡಿಗ್ರಿಯಲ್ಲಿ ಬೆಚ್ಚಗಿಟ್ಟೇ ಸಾಕಬೇಕು. ಆದ್ದರಿಂದ ಟೆಕ್ನಿಷಿಯನ್ ಅವರೇ, ರಜೆಯನ್ನು ಈಗಲೇ ಮುಗಿಸಿಕೊಳ್ಳಿ. ಹೊಸ ಹೀಟರ್ ವೈರನ್ನು ನೀವೇ ಆರಿಸಬೇಕು.